ಮಲಕಾಜಪ್ಪ ಕಿತ್ತ ಪೊರೆ

ವಳಸಂಗದ ಮಲಕಾಜಪ್ಪನಿಗೆ ಇಪ್ಪತ್ತು ಎಕರೆ ಹೊಲವಿತ್ತು, ಯಾರ ಮಾತನ್ನೂ ಒಳಗೆ ಬಿಟ್ಟುಕೊಳ್ಳದ ಎರಡು ಕಿವಿಗಳಿದ್ದವು. ಗುರುವಾರಕ್ಕೊಮ್ಮೆ ಬರಿಗಾಲಲ್ಲಿ ಅಕ್ಕಲಕೋಟೆಯ ಗುಡಿಗೆ ನಡೆದು ಹೋಗುವುದು ಅವನ ಹರಕೆ. ಸಕ್ಕರೆ ಕಾಯಿಲೆಯಿಂದ ಅಂಗಾಲು ಜೋಮು ಹಿಡಿದರೂ ಚಪ್ಪಲಿ ಮೆಟ್ಟಲಿಲ್ಲ. ಹೋದ ಏಪ್ರಿಲ್‌ನಲ್ಲಿ ಕಾದ ಡಾಂಬರು ಹೆಬ್ಬೆರಳಿನ ಬುಡವನ್ನು ಸುಟ್ಟಿದ್ದು ಅವನಿಗೆ ಗೊತ್ತಾದದ್ದೇ ಮನೆಯ ಫರಸಿ ನೆಲದ ಮೇಲೆ ರಕ್ತ ಕಂಡಾಗ.

ಹತ್ತು ತಿಂಗಳಾದರೂ ಗಾಯ ಮಾಯಲಿಲ್ಲ. ದಿನಾ ಅದನ್ನು ತೊಳೆದು ಪಟ್ಟಿ ಕಟ್ಟುತ್ತಿದ್ದವಳು ಸೊಸೆ ಮನೀಷಾ. ಎರಡು ವರ್ಷದ ಹಿಂದೆ ಅವಳು ಸೋಲಾಪುರದಲ್ಲಿ ಹೆತ್ತು ಮನೆಗೆ ಬಂದಾಗ ಇದೇ ಮಾವ ಅವಳನ್ನು ಒಂದು ತಿಂಗಳು ಹಿಂದಿನ ಕೋಣೆಯಲ್ಲಿ ಕೂರಿಸಿದ್ದ. ಅವಳು ಮುಟ್ಟಿದ ತಂಬಿಗೆಯನ್ನೂ ಬೂದಿ ಹಚ್ಚಿ ತೊಳೆಸಿದ್ದ. ಎಲ್ಲ ಮೈಲಿಗೆ ಅವನಿಗೆ. ಅವನ ಕೊಳೆತ ಕಾಲು ಮಾತ್ರ ಅವಳಿಗೆ ಮೈಲಿಗೆಯಾಗಬಾರದು!

ಕೊನೆಗೆ ಸೋಲಾಪುರದ ಡಾಕ್ಟರ್ ಪೂನಮ, ಹೀಗೇ ಬಿಟ್ಟರೆ ಪಾದವನ್ನೇ ತೆಗೆಯಬೇಕಾಗುತ್ತದೆ ಎಂದು ಹೇಳಿ, ಗಾಯದ ಮೇಲೆ ಉಳ್ಳಾಗಡ್ಡಿಯ ಒಳಸಿಪ್ಪೆಯಂಥ ತೆಳ್ಳನೆಯ ಪೊರೆಯೊಂದನ್ನು ಹಚ್ಚಿದರು.

“ಇದೇನ್ರಿ ಡಾಕ್ಟರ್ ಬಾಯಾರ?” ಎಂದ ಮಲಕಾಜಪ್ಪ.

“ಹೊಟ್ಯಾಗ ಕೂಸಿನ ಸುತ್ತ ಇರೋ ಪೊರಿರಿ ಕಾಕಾ. ಹೆರಿಗಿ ಆದಮ್ಯಾಲ ತಾಯಂದ್ರು ದಾನ ಕೊಟ್ಟಿರ್ತಾರ. ತಪಾಸಣಿ ಮಾಡಿ, ತೊಳದು, ಒಣಗಿಸಿರ್ತಾರ. ಹೊಸಾ ಚರ್ಮ ಬೆಳಸೋ ಗುಣ ಅದರಾಗ ಐತಿ. ಏಳು ದಿನ ಪಟ್ಟಿ ಬಿಚ್ಚಬ್ಯಾಡ್ರಿ.”

ಮನೆ ಮುಟ್ಟುವವರೆಗೆ ಅವನಿಗೆ ಒಂದೇ ಯೋಚನೆ. ಯಾರದೋ ಹೆರಿಗೆಯ ಹೊಲಸನ್ನು ಮೈಗೆ ಅಂಟಿಸಿಕೊಂಡು ಪೂಜೆಗೆ ಕೂರುವುದೇ? ಮರುದಿನ ಬೆಳಿಗ್ಗೆ ಬಚ್ಚಲಿನಲ್ಲಿ ಪಟ್ಟಿ ಬಿಚ್ಚಿ, ಬಿಸಿನೀರು ಸುರಿದು, ಪೊರೆಯನ್ನು ಉಜ್ಜಿ ತೆಗೆದ. ಪಟ್ಟಿಯನ್ನು ಮತ್ತೆ ಸುತ್ತಿಕೊಂಡು ದೇವರ ಮುಂದೆ ಕೂತ ಪುಣ್ಯಾತ್ಮ.

ಏಳನೆಯ ದಿನ ಡಾಕ್ಟರ್ ಪಟ್ಟಿ ಬಿಚ್ಚಿದರು. ನಾತ ಹೊಡೆಯಿತು. ಅವರು ಸಿಟ್ಟಿನಿಂದ ಮನೀಷಾಳ ಕಡೆ ತಿರುಗಿದರು.

“ಪಟ್ಟಿ ಕಟ್ಟೋರು ನೀವ ಅಲ್ಲೇನ್ರಿ? ಮುಟ್ಟಬ್ಯಾಡ್ರಿ ಅಂದ್ರೂ ತೊಳದೀರಿ? ಇನ್ನ ಹೆಬ್ಬಟ್ಟು ಉಳಿಯಂಗಿಲ್ಲ. ಓದಿದಾಕಿ, ಇಷ್ಟೂ ತಿಳಿಯಂಗಿಲ್ಲ?”

“ತಪ್ಪಾತ್ರಿ ಮೇಡಂ,” ಎಂದಳು ಮನೀಷಾ.

ಮಲಕಾಜಪ್ಪ ಫ್ಯಾನು ನೋಡುತ್ತಿದ್ದ. ಒಂದೇ ಒಂದು ಮಾತು ಸಾಕಿತ್ತು. ಊರ ಪಂಚಾಯ್ತಿಯಲ್ಲಿ ಗುಡುಗುವ ಗಂಟಲಿನಿಂದ ಅದು ಹೊರಡಲಿಲ್ಲ.

ಹೊರಗೆ ಬೆಂಚಿನ ಮೇಲೆ ಕೂತಾಗ ಕೇಳಿದ: “ಮಾಡದ ತಪ್ಪು ಯಾಕ ಒಪ್ಪಿದಿ?”

“ಪಟ್ಟಿ ಗಂಟು ಡಾಕ್ಟರ್ ಹಾಕಿದ್ದಲ್ಲ ಅಂತ ಅವರು ಬಿಚ್ಚುವಾಗ ತಿಳೀತ್ರಿ ಮಾಮಾರ. ಎಲ್ಲಾರ ಮುಂದ ನಿಮ್ಮನ್ನ ಬೈಸೋದು ಬ್ಯಾಡ ಅನಿಸ್ತು.”

“ಅದು... ಹೆರಿಗಿದು ಅಂತ...”

“ಗೊತ್ತೈತ್ರಿ. ನನ್ನ ಹೆರಿಗ್ಯಾಗ ನಾನೂ ಸಹಿ ಮಾಡಿ ಅಂಥಾ ಪೊರಿ ದಾನ ಕೊಟ್ಟೀನ್ರಿ. ಯಾರದರ ಗಾಯ ಮಾಯಲಿ ಅಂತ.”

ಅವನ ಮುಖ ಸುಟ್ಟಂತಾಯಿತು. ಆ ತಿಂಗಳು ತಾನು ತೊಳೆಸಿದ ತಂಬಿಗೆಗಳೆಲ್ಲ ನೆನಪಾದವು. ನಾಚಿಕೆಯಿಂದ ಕೂರಲಾಗದೆ ಎದ್ದ. ಕೋಲೂರಿ, ಸಾಲಿನಲ್ಲಿದ್ದವರನ್ನು ದಾಟಿ, ನೇರ ಒಳಗೆ ನುಗ್ಗಿದ.

“ಬಾಯಾರ, ಪೊರಿ ಕಿತ್ತಿದ್ದು ನಾನು. ನನ್ನ ಸೊಸಿದು ಏನೂ ತಪ್ಪಿಲ್ಲ.”

ಡಾಕ್ಟರ್ ಪೆನ್ನು ಕೆಳಗಿಟ್ಟರು. “ಯಾಕ ಕಿತ್ತಿರಿ?”

ಬೆನ್ನ ಹಿಂದೆ ಬಾಗಿಲಲ್ಲಿ ಮನೀಷಾ ಬಂದು ನಿಂತಿದ್ದಳು. ಕಿತ್ತೆ ಎನ್ನಲು ಅವನಿಗೆ ಬಾಯಿ ಬಂದಿತ್ತು. ಯಾಕೆ ಎಂದು ಅವಳೆದುರು ಹೇಳಲು ಬರಲಿಲ್ಲ.