ಸಿರುಮಲೈ ಬೆಟ್ಟವನ್ನು ಎರಡು ಸಲ ಹತ್ತಿದ್ದು

ದಿಂಡಿಗಲ್ ಸ್ಟೇಷನ್ನಿನಲ್ಲಿ ನಾವಿಬ್ಬರೂ ರೈಲಿಳಿದಾಗ ಬೆಳಗಿನ ಆರು ಗಂಟೆ. ಇಬ್ಬರು ಅಂದರೆ ನಾನು ಮತ್ತು ಮುಧೋಳ ಕಡೆಯ ರೇಣುಕಾ. ನಮ್ಮ ಸೈಕ್ಲಿಂಗ್ ತಂಡದಲ್ಲಿ ಹೆಂಗಸರು ಇಷ್ಟೇ. ಆರು ಜನ ಗಂಡಸರು ತಂಡದ ವ್ಯಾನಿನಲ್ಲಿ, ಎಲ್ಲರ ಸೈಕಲ್ಲುಗಳ ಜೊತೆ, ಹಿಂದಿನ ದಿನವೇ ತೇಣಿ ಸೇರಿದ್ದರು. ವ್ಯಾನಿನಲ್ಲಿ ಜಾಗವಿಲ್ಲ ಎಂದು ಮ್ಯಾನೇಜರ್ ಹೇಳಿದ್ದರು. ಆಮೇಲೆ ನೋಡಿದರೆ ಹಿಂದಿನ ಸೀಟಿನ ಮೇಲೆ ನೀರಿನ ಬಾಟಲಿಗಳ ಪೆಟ್ಟಿಗೆಗಳು ಆರಾಮಾಗಿ ಕೂತಿದ್ದವು.

ತೇಣಿಗೆ ಎಪ್ಪತ್ತೈದು ಕಿಲೋಮೀಟರ್. ವತ್ತಲಗುಂಡು, ಪೆರಿಯಕುಳಂ ದಾಟಿ ಹೋಗುವ ಬಸ್ಸಿಗೆ ತಲೆಗೆ ಅರವತ್ತೈದು ರೂಪಾಯಿ. ಬಲಗಡೆ ಕೊಡೈಕಾನಲ್‌ನ ಬೆಟ್ಟಗಳು ದಾರಿಯುದ್ದಕ್ಕೂ ಜೊತೆಗೇ ಬಂದವು. ಆಗಸ್ಟ್ ತಿಂಗಳಾದ್ದರಿಂದ ಮಳೆಯೆಲ್ಲ ಬೆಟ್ಟದ ಆಚೆ ಕೇರಳದ ಕಡೆ ಸುರಿಯುತ್ತಿತ್ತು. ಈಚೆಗೆ ಬರುತ್ತಿದ್ದುದು ಬರೀ ಗಾಳಿ. ಬಸ್ಸಿನ ಕಿಟಕಿಯ ಗಾಜು ಸದಾ ಗಡಗಡ ಅನ್ನುತ್ತಿತ್ತು.

ಸೀಸನ್ನಿಗೆ ಮುಂಚಿನ ತರಬೇತಿ ಹತ್ತು ದಿನದ್ದು. ಕೊನೆಯ ದಿನ ದಿಂಡಿಗಲ್ ಪಕ್ಕದ ಸಿರುಮಲೈ ಘಾಟಿಯಲ್ಲಿ ಪರೀಕ್ಷೆ. ಮೊದಲ ಸಂಜೆಯೇ ಮ್ಯಾನೇಜರ್ ಲಾಡ್ಜಿನ ವರಾಂಡದಲ್ಲಿ ನಿಯಮ ಹೇಳಿದರು. ಗಂಡಸರಲ್ಲಿ ಬೇಗ ಹತ್ತಿದ ನಾಲ್ವರು ಈ ವರ್ಷದ ರೇಸುಗಳಿಗೆ ಹೋಗುತ್ತಾರೆ. ಹೆಂಗಸರಿಗೆ ಮಾತ್ರ ಬೇರೆ ಲೆಕ್ಕ.

"ಒಂದು ಗಂಟೆ ಹದಿನೈದು ನಿಮಿಷದೊಳಗೆ ಹತ್ತಿದ್ರೆ ಕಳಿಸ್ತೀವಿ. ಇಲ್ದಿದ್ರೆ ಈ ವರ್ಷ ಲೇಡೀಸ್ ಟೀಮೇ ಬೇಡ ನೋಡಮ್ಮಾ," ಅಂದರು.

ಮೊದಲ ಐದು ದಿನ ಇಬ್ಬರೂ ಹಲ್ಲು ಕಚ್ಚಿ ಓಡಿಸಿದೆವು. ಚಿನ್ನಮನೂರು, ಉತ್ತಮಪಾಳ್ಯ, ಕಂಬಂ. ಒಂದು ಕಡೆ ದ್ರಾಕ್ಷಿ ಚಪ್ಪರ, ಇನ್ನೊಂದು ಕಡೆ ನಾಟಿ ಮುಗಿದ ಗದ್ದೆ. ಹೋಗುವಾಗ ಎದುರು ಗಾಳಿ, ಬರುವಾಗ ಬೆನ್ನಿಗೆ. ಬಾಟಲಿ, ಬಾಳೆಹಣ್ಣು, ಬದಲಿ ಗಾಲಿ ಹೊತ್ತ ವ್ಯಾನು ಗಂಡಸರ ಹಿಂದೆ ಹೋಗುತ್ತಿತ್ತು. ನಮ್ಮ ಗಾಲಿ ಪಂಕ್ಚರ್ ಆದರೆ ನಾವೇ ಹಾಕಿಕೊಳ್ಳಬೇಕು, ನೀರು ಮುಗಿದರೆ ಚಹಾದಂಗಡಿಯಲ್ಲಿ ಕೇಳಬೇಕು. ಒಂದು ದಿನವಾದರೂ ವ್ಯಾನು ನಮ್ಮ ಹಿಂದೆ ಬರಲಿ ಎಂದು ಎರಡು ಸಲ ಕೇಳಿದೆ. ಎರಡು ಸಲವೂ ಮ್ಯಾನೇಜರ್ ಫೋನ್ ನೋಡುತ್ತಲೇ "ಆಯ್ತು, ನೋಡೋಣ" ಅಂದರು.

ಆರನೆಯ ದಿನ ಬೋಡಿ, ತೇವಾರಂ, ಕೊಂಬೈ ಮೇಲೆ ಸುತ್ತಿ ಬರುವ ಎಂಬತ್ತು ಕಿಲೋಮೀಟರ್ ಹಾದಿ. ಬೆಟ್ಟದ ಬುಡದಲ್ಲೇ ಸಾಗುವ ಆ ರಸ್ತೆಯಲ್ಲಿ ಗಾಳಿ ಅಡ್ಡ ಬೀಸುತ್ತದೆ. ಕೊಂಬೈ ಇನ್ನೂ ಒಂದು ಮೈಲಿ ಇದ್ದಾಗ ಬಸ್ಸೊಂದು ನಮ್ಮನ್ನು ಒತ್ತಿಕೊಂಡೇ ದಾಟಿತು. ಅದು ಪಕ್ಕದಲ್ಲಿದ್ದಷ್ಟು ಹೊತ್ತು ಗಾಳಿ ನಿಂತಿತ್ತು. ಅದು ಮುಂದೆ ಹೋಗುತ್ತಲೇ ಗಾಳಿ ಬಂದು ಹೊಡೆಯಿತು. ರೇಣುಕಾಳ ಮುಂದಿನ ಗಾಲಿ ಡಾಂಬರಿನ ಅಂಚು ಬಿಟ್ಟು ಕೆಳಗಿಳಿಯಿತು. "ಯವ್ವಾ!" ಎಂದು ಕೂಗಿದವಳು ಬಲಭುಜದ ಮೇಲೆ ಬಿದ್ದಳು.

ಏಳಲಾಗಲಿಲ್ಲ. ಭುಜದ ಮುಂದಿನ ಎಲುಬು ಚರ್ಮದಡಿ ಉಬ್ಬಿ ಕಾಣುತ್ತಿತ್ತು. ಮ್ಯಾನೇಜರಿಗೆ ಫೋನ್ ಮಾಡಿದೆ.

"ಹುಡುಗ್ರು ಇಂಟರ್ವಲ್ ಟ್ರೈನಿಂಗ್ ಮಧ್ಯದಲ್ಲಿದಾರೆ. ಈಗ ವ್ಯಾನ್ ತಿರುಗಿಸಿದ್ರೆ ಇಡೀ ಸೆಷನ್ ಹಾಳು. ಒಂದು ಆಟೋ ಮಾಡ್ಕೊಂಡು ಹೋಗಿ," ಅಂದರು. ಎಲ್ಲಿ ಬಿದ್ದಳು, ಪ್ರಜ್ಞೆ ಇದೆಯೋ ಇಲ್ಲವೋ, ಅದನ್ನೂ ಕೇಳಲಿಲ್ಲ.

ಪಕ್ಕದ ತೆಂಗಿನ ತೋಟದಿಂದ ಒಬ್ಬ ಹೆಂಗಸು ಓಡಿ ಬಂದಳು. ಐವತ್ತು ದಾಟಿದವಳು, ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು. ನಾನು ಬಾಯಿಗೆ ಬಂದ ತಮಿಳಿನಲ್ಲಿ ಏನೋ ತೊದಲಿದೆ. ಅವಳು ರೇಣುಕಾಳ ಮುಖವನ್ನೇ ನೋಡುತ್ತಿದ್ದಳು.

"ಯವ್ವಾ ಅಂದ್ಯಲ್ಲ ಕೂಸೇ, ನೀವು ಕನ್ನಡವಾ? ನಮ್ದೂ ಕನ್ನಡಂ ದಾ. ಮನೇಲಿ ಅದೇ ಪೇಚು, ಅದೇ ಮಾತು," ಅಂದಳು. "ಕೈ ಆಡಿಸ್ಬೇಡ, ಅಂಗೇ ಇರು."

ಅವಳ ಹೆಸರು ಚಿನ್ನಮ್ಮಾಳ್. ಎಷ್ಟೋ ತಲೆಮಾರಿನ ಹಿಂದೆ ಬಂದು ನೆಲೆಸಿದ ಒಕ್ಕಲು ಮನೆತನ. ಅವಳ ಮಾತು ಅರ್ಧ ತಮಿಳು. ನನ್ನ ಬಿಜಾಪುರದ ಮಾತು ಅವಳಿಗೆ ಅರ್ಧ ಒಗಟು. ಆದರೂ ಅವತ್ತು ಯಾವ ಮಾತೂ ತಡೆಯಲಿಲ್ಲ. ಹಳೆಯ ಸೀರೆಯ ತುಂಡು ಹರಿದು ಕೈಯನ್ನು ಎದೆಗೆ ಕಟ್ಟಿದಳು. ಗಂಡ ಕಾಯಿ ಸಾಗಿಸುವ ಸಣ್ಣ ಲಾರಿ ತಂದ. ಕಾಯಿ ಇಳಿಸಿ, ಗೋಣಿ ಹಾಸಿ, ಉತ್ತಮಪಾಳ್ಯದ ಆಸ್ಪತ್ರೆಗೆ ಹೊರಟೆವು.

"ನಿಮ್ಗೆ ಪೆರಿಯವನು, ಹಿರೀಕ ಅನ್ನೋನು ಯಾರೂ ಇಲ್ವಾ? ಹೆಣ್ಣ್‌ಮಕ್ಕಳ್ನ ತನಿಯಾ, ಇಬ್ರನ್ನೇ ಬಿಟ್ಟ್‌ಬಿಟ್ಟು ಎಲ್ಲಿ ಹೋದ?" ಎಂದು ದಾರಿಯಲ್ಲಿ ಕೇಳಿದಳು.

"ಅದಾನ. ಕೆಲಸದಾಗ ಅದಾನ," ಅಂದೆ.

ಕೊರಳ ಎಲುಬು ಮುರಿದಿತ್ತು. ನಾಲ್ಕು ದಿನ ಪ್ರಯಾಣ ಬೇಡ ಎಂದರು ಡಾಕ್ಟರು. ಸಂಜೆ ಲಾಡ್ಜಿಗೆ ಬಂದು ಮ್ಯಾನೇಜರಿಗೆ ಹೇಳಿದೆ. "ಅಜಾಗರೂಕತೆ. ನಾಳೆ ಬಸ್ ಹತ್ಸಿ, ಊರಿಗೆ ಹೋಗ್ಲಿ," ಎಂದರು. ಒಬ್ಬಳೇ, ಮುರಿದ ಎಲುಬಿನಲ್ಲಿ, ಬ್ಯಾಗು ಹೊತ್ತುಕೊಂಡು! ಆಸ್ಪತ್ರೆಗೆ ಮರಳಿ, ನಾನೂ ರೇಣುಕಾಳ ಜೊತೆ ಹೊರಡುತ್ತೇನೆ ಅಂದೆ. ಚಿನ್ನಮ್ಮಾಳ್ ಬಿಡಲಿಲ್ಲ. "ಕೂಸು ನಮ್ ಮನೇಲಿ ಇರ್ಲಿ. ನೀನು ನಿನ್ ಬೆಟ್ಟ ಹತ್ತಿ ಬಾ," ಅಂದಳು. ರೇಣುಕಾಳೂ ಅದನ್ನೇ ಹೇಳಿದಳು: "ಅಕ್ಕಾರ, ನೀವು ಹತ್ತಲಿಲ್ಲಂದ್ರ ಇಬ್ಬರದೂ ಹೋತು."

ಹತ್ತನೆಯ ದಿನ ಸಿರುಮಲೈ. ಹದಿನೆಂಟು ಕಡಿದಾದ ತಿರುವು. ಗಂಡಸರನ್ನು ಆರೂವರೆಗೆ ಬಿಟ್ಟರು, ನನ್ನನ್ನು ಏಳಕ್ಕೆ. ವ್ಯಾನು ಅವರ ಹಿಂದೆ ಹೋಯಿತು. ಆ ದಿನದಂತೆ ನಾನು ಯಾವತ್ತೂ ತುಳಿದಿಲ್ಲ. ಮಂಜಿನಲ್ಲಿ ಕಾಫಿ ಗಿಡಗಳು, ಹಣ್ಣಿಗೆ ಕಾದ ಮಂಗಗಳು, ನನ್ನದೇ ಉಸಿರು. ಮೇಲೆ ತಲುಪಿ ಸೈಕಲ್ಲಿನ ಮೀಟರ್ ನೋಡಿದೆ; ಒಂದು ಗಂಟೆ ಹನ್ನೊಂದು ನಿಮಿಷ. ತಲೆಯೆತ್ತಿದರೆ ಯಾರೂ ಇಲ್ಲ.

ಬಾಳೆಹಣ್ಣು ಮಾರುವ ಮುದುಕ ಬೆಟ್ಟದ ಕೆಳಗೆ ಕೈ ತೋರಿಸಿದ. "ಎಲ್ಲಾರುಂ ಪೋಯಿಟ್ಟಾಂಗ," ಅಂದ. ಎಲ್ಲರೂ ಹೋಗಿಬಿಟ್ಟಿದ್ದರು. ನಾನು ಹತ್ತುವಾಗ ಯಾವುದೋ ತಿರುವಿನಲ್ಲಿ ಆ ವ್ಯಾನು ಎದುರಿನಿಂದ ಇಳಿದು ದಾಟಿದ್ದು ನೆನಪಾಯಿತು. ಮತ್ತೇನೋ ತರಲು ಹೋಗುತ್ತಿದೆ ಅಂದುಕೊಂಡಿದ್ದೆ.

ಬೆಟ್ಟದ ಬುಡದ ಹೋಟೆಲಿನಲ್ಲಿ ಎಲ್ಲರೂ ಪೊಂಗಲ್ ತಿನ್ನುತ್ತಿದ್ದರು. ನಾನು ಸೈಕಲ್ಲನ್ನು ವ್ಯಾನಿನ ಮುಂದೆ ಅಡ್ಡ ನಿಲ್ಲಿಸಿ ಒಳಗೆ ಹೋದೆ.

"ನನ್ನ ಟೈಮ್ ಯಾರ ಬರ್ಕೊಂಡಾರ?"

"ಹುಡುಗ್ರಿಗೆ ಹಸಿವಾಗಿತ್ತಮ್ಮಾ. ನೀನು ಇಷ್ಟು ಬೇಗ ಬರ್ತೀಯಾ ಅಂತ ಯಾರಿಗೆ ಗೊತ್ತು?"

ಮೀಟರ್ ತೋರಿಸಿದೆ. "ಅದನ್ನ ನಾನು ನಂಬೋಕಾಗಲ್ಲ. ನನ್ನ ಸ್ಟಾಪ್‌ವಾಚೇ ಲೆಕ್ಕ," ಅಂದರು.

"ಹಂಗಾದ್ರ ಏಳ್ರಿ. ಮತ್ತೊಮ್ಮೆ ಹತ್ತತೀನಿ. ನಿಮ್ಮ ವಾಚ್ ತಗೊಂಡು ನನ್ನ ಹಿಂದ ಬರ್ರಿ."

ಅವರು ನಕ್ಕರು. ಆಗ ಗಂಡಸರ ತಂಡದ ನಾಯಕ ಬಸು ಕೈ ತೊಳೆದು ಬಂದ. ಹತ್ತು ದಿನ ಸುಮ್ಮನಿದ್ದವನು. "ಸರ, ಅಕ್ಕ ಹತ್ತೋತನಕ ನಾವ್ಯಾರೂ ವ್ಯಾನ್ ಹತ್ತಂಗಿಲ್ಲ," ಅಂದ. ಉಳಿದ ಐವರೂ ಎದ್ದು ಅವನ ಪಕ್ಕಕ್ಕೆ ಬಂದು ನಿಂತರು.

ಹತ್ತಿದೆ. ಬಿಸಿಲೇರಿತ್ತು, ಹನ್ನೆರಡನೆಯ ತಿರುವಿನಲ್ಲಿ ತೊಡೆ ಹಿಡಿದುಕೊಂಡಿತು. ಇಡೀ ಶಿಬಿರದಲ್ಲಿ ಮೊದಲ ಸಲ ನನ್ನ ಬೆನ್ನ ಹಿಂದೆ ವ್ಯಾನಿನ ಸದ್ದು ಕೇಳಿಸುತ್ತಿತ್ತು. ತುದಿಯಲ್ಲಿ ಅವರು ಸ್ಟಾಪ್‌ವಾಚ್ ಒತ್ತಿ ಪುಸ್ತಕದಲ್ಲಿ ಬರೆದರು: ಒಂದು ಗಂಟೆ ಹದಿನಾರು ನಿಮಿಷ. "ಒಂದು ನಿಮಿಷ ಜಾಸ್ತಿ. ರೂಲ್ಸ್ ಅಂದ್ರೆ ರೂಲ್ಸು," ಅಂದರು. ನಾನು ತಂಡದ ಜರ್ಸಿ ಕಳಚಿ, ಒಳಗಿದ್ದ ಬನಿಯನ್ನಿನ ಮೇಲೆ ಟವೆಲ್ ಹೊದ್ದು, ಜರ್ಸಿಯನ್ನು ಅವರ ಪುಸ್ತಕದ ಮೇಲೆ ಇಟ್ಟೆ. ಸೈಕಲ್ ನನ್ನದು. ಇನ್ನು ಓಡಿಸಿದರೆ ನನ್ನ ಹೆಸರಿನಲ್ಲೇ.

ಸಂಜೆ ದಿಂಡಿಗಲ್ ಸ್ಟೇಷನ್ನಿಗೆ ಚಿನ್ನಮ್ಮಾಳ್ ಎರಡು ಬಸ್ಸು ಬದಲಿಸಿ ರೇಣುಕಾಳನ್ನು ಕರೆತಂದಳು. ಬುತ್ತಿಯಲ್ಲಿ ಪುಳಿಯೋಗರೆ ಕಟ್ಟಿದ್ದಳು. ನಡೆದದ್ದನ್ನೆಲ್ಲ ಹೇಳಿದೆ. ಚಿನ್ನಮ್ಮಾಳ್ ತಮಿಳಿನಲ್ಲಿ ಒಂದು ಬೈಗುಳ ಬೈದಳು. ಅದರ ಅರ್ಥ ನಾನು ಕೇಳಲಿಲ್ಲ, ಬೇಕಾಗಿಯೂ ಇರಲಿಲ್ಲ.

ರೇಣುಕಾ ಎಡಗೈಯಿಂದ ಕಷ್ಟಪಟ್ಟು ಫೋನ್ ತೆಗೆದಳು.

"ಮೊದಲನೇ ಸಲದ್ದು ಎಷ್ಟ್ರೀ ಅಕ್ಕಾರ?"

"ಅದನ್ನ ಯಾರೂ ಬರ್ಕೊಂಡಿಲ್ಲ ಬಿಡು."

"ನಾ ಬರ್ಕೋತೀನಿ. ಹೇಳ್ರಿ."

"ಒಂದು ತಾಸು ಹನ್ನೊಂದು ನಿಮಿಷ."

ಒಂದೇ ಹೆಬ್ಬೆರಳಿನಿಂದ ಒಂದೊಂದೇ ಅಕ್ಷರ ಒತ್ತಿದಳು: ಸಿರುಮಲೈ, ತಾರೀಖು, ನನ್ನ ಹೆಸರು. ರೈಲು ಬರುವ ಸದ್ದಾಯಿತು. ಅವಳು ತಲೆಯೆತ್ತಲಿಲ್ಲ.

"ಸೆಕೆಂಡು?" ಅಂದಳು.

"ಎಂಟು."