ತಲೆಯಿಂದ ಹೆಕ್ಕಿದ ಎಂಟು ಎಸಳು

“ಶಾರದಾ, ಡೋಂಟ್ ಮೂವ್!” ಎಂದು ಮಾರ್ಗರೆಟ್ ಕಿರುಚುವಷ್ಟರಲ್ಲಿ, ಅವರು ಕೈಗಿಟ್ಟ ಒಣಹೂವನ್ನು ನಾನು ಕಣ್ಣಿಗೊತ್ತಿಕೊಂಡು ಮುಡಿದಾಗಿತ್ತು.

ಎಂಬತ್ತರ ದಶಕದ ಕೊನೆಯಲ್ಲಿ, ಒಮಾನಿನ ಸೊಹಾರ್‌ನಲ್ಲಿ, ಅವರು ನಮ್ಮ ಪಕ್ಕದ ಮನೆಯ ಇಂಗ್ಲಿಷ್ ಹೆಂಗಸು. ತನ್ನ ಅಮ್ಮ ಇಂಗ್ಲೆಂಡಿನಿಂದ ಕಳಿಸಿದ್ದು ಎಂದು ಅವರು ಹೂ ಕೊಟ್ಟಾಗ ನಾನು ಪ್ರಸಾದವೆಂದೇ ತಿಳಿದಿದ್ದೆ. ಅದು ಪರೀಕ್ಷೆಯಂತೆ! ಚಳಿ ಮುಗಿಯುವಾಗ ಕಾಡಿನಲ್ಲಿ ಮೊದಲು ಅರಳಿದ ಹಳದಿ ಹೂವನ್ನು ಆ ತಾಯಿ ಕಾಗದದೊಳಗಿಟ್ಟು ಕಳಿಸುವುದು, ಮಗಳು ಅದರ ಹೆಸರು ಬರೆದು ತಿಳಿಸುವುದು. ಐದು ಎಸಳಾದರೆ ಬಟರ್‌ಕಪ್, ಎಂಟಾದರೆ ಅದರ ತಂಗಿ ಸೆಲಾಂಡೈನ್. ಎಣಿಸುವ ಮೊದಲೇ ಹೂವು ನನ್ನ ತಲೆಯಲ್ಲಿ ಎಸಳೆಸಳಾಗಿ ಉದುರಿತ್ತು.

ದೇವರ ದಯೆ, ಬೆಳಿಗ್ಗೆಯಷ್ಟೇ ತೆಂಗಿನೆಣ್ಣೆ ಹಚ್ಚಿದ್ದೆ. ಎಲ್ಲವೂ ಕೂದಲಿಗೇ ಅಂಟಿದ್ದವು. ಮಾರ್ಗರೆಟ್ ಒಂದೊಂದಾಗಿ ಹೆಕ್ಕುತ್ತಿರುವಾಗ ನಮ್ಮ ಯಜಮಾನರು ಊಟಕ್ಕೆ ಬಂದರು.

“ಎಂತ ಮಾರಾಯ್ತಿ, ಹೇನು ಹೆಕ್ಕಿಸಲಿಕ್ಕೆ ಇವರೇ ಬೇಕಿತ್ತಾ?”

“ಸುಮ್ಮನಿರಿ, ಆರಾಯ್ತು. ಲೆಕ್ಕ ತಪ್ಪುತ್ತದೆ!”

ಎಂಟನೆಯದು ಕಿವಿಯ ಹಿಂದೆ ಸಿಕ್ಕಿತು. ಸೆಲಾಂಡೈನ್! ಮಾರ್ಗರೆಟ್ ನನ್ನ ಎಣ್ಣೆತಲೆಯನ್ನೇ ತಬ್ಬಿಕೊಂಡರು.

ಮರುವರ್ಷದ ಕಾಗದದಲ್ಲಿ ಎರಡು ಹೂವು ಬಂದವು. ಒಂದರ ಪೊಟ್ಟಣದ ಮೇಲೆ ಆ ತಾಯಿ ನನ್ನ ಹೆಸರು ಬರೆದಿದ್ದರು. ಮುಡಿಯಲು ಮನಸ್ಸಾಗಲಿಲ್ಲ, ದೇವರ ಪಟದ ಮುಂದೆ ಇಟ್ಟೆ, ಎಸಳು ಎಣಿಸಿಯೇ.