ಗುರುಬಸಪ್ಪನವರು ನೆಲಕ್ಕಿಳಿದದ್ದು

ನಮ್ಮ ಬೀದಿಗೆ ಮೊದಲು ಊಟದ ಮೇಜು ತಂದವರು ಗುರುಬಸಪ್ಪನವರು. ರಾಜಾಜಿನಗರದ ನಮ್ಮ ಬ್ಲಾಕಿನಲ್ಲಿ ಆಗ ಎಲ್ಲರ ಮನೆಯಲ್ಲೂ ರೇಡಿಯೋ ಇತ್ತು, ಒಬ್ಬಿಬ್ಬರ ಮನೆಯಲ್ಲಿ ಫ್ರಿಜ್ಜೂ ಇತ್ತು, ಊಟ ಮಾತ್ರ ನೆಲದ ಮೇಲೆಯೇ ನಡೆಯುತ್ತಿತ್ತು. ಇವರು ಸರ್ಕಾರಿ ಕಚೇರಿಯೊಂದರಲ್ಲಿ ಹೆಡ್ ಕ್ಲರ್ಕ್. ಹಗಲೆಲ್ಲ ಕುರ್ಚಿಯಲ್ಲಿ ಕೂತವರಿಗೆ ಮನೆಗೆ ಬಂದ ಮೇಲೂ ಕುರ್ಚಿಯೇ ಬೇಕೆನಿಸಿತು. ಮನೆಯಲ್ಲಿದ್ದವರು ಮೂವರು, ಬಂದದ್ದು ತೇಗದ ಮೇಜು, ಆರು ಕುರ್ಚಿ. ನೆಲಕ್ಕೆ ಕೂತು ಉಣ್ಣುವುದು ಹಳ್ಳಿಯವರ ಚಾಳಿ ಎಂದು ಅವರು ಬೀದಿಗೆಲ್ಲ ಹೇಳಿದರು. ಅವರು ಹುಟ್ಟಿದ್ದು ಹೊಸದುರ್ಗದ ಹತ್ತಿರದ ಒಂದು ಹಳ್ಳಿಯಲ್ಲಿ ಎಂಬುದನ್ನು ಯಾರೂ ನೆನಪಿಸಲಿಲ್ಲ.

ಮೇಜು ತನ್ನ ಕೆಲಸ ಮಾಡಿತು. ಕೆಲವೇ ವರ್ಷಗಳಲ್ಲಿ ಹೊಟ್ಟೆ ಮುಂದೆ ಬಂತು, ಮಂಡಿ ಬಾಗುವುದನ್ನು ಮರೆಯಿತು. ಬೆಳಗಿನ ಲಿಂಗಪೂಜೆಯನ್ನೂ ಅವರು ಆ ಮೇಜಿನ ಮುಂದೆಯೇ ಕುರ್ಚಿಯಲ್ಲಿ ಕೂತು, ಬಾಗಿಲು ಹಾಕಿಕೊಂಡು ಮಾಡುತ್ತಿದ್ದರಂತೆ. ಇದನ್ನು ನನಗೆ ಹೇಳಿದವರು ಅವರ ಹೆಂಡತಿ ಶಿವಕ್ಕ. ನಮ್ಮದು ಪಕ್ಕದ ಮನೆ; ಗುಟ್ಟು ಅಷ್ಟು ದೂರ ಬರಲು ಹೆಚ್ಚು ಹೊತ್ತು ಬೇಕಾಗಿರಲಿಲ್ಲ.

ಮಗಳು ತುಂಗಾಳ ನಿಶ್ಚಿತಾರ್ಥದಲ್ಲಿ ಗುಟ್ಟು ಬಯಲಾಯಿತು. ಹುಡುಗನ ಮನೆ ತಿಪಟೂರು, ಕೊಬ್ಬರಿ ಮಂಡಿಯವರು. ಮನೆಯ ಯಜಮಾನರು ಹುಡುಗನ ಅಜ್ಜ ಬಸವಲಿಂಗಪ್ಪ. ಶಾಸ್ತ್ರಕ್ಕೆಂದು ಗುರುಬಸಪ್ಪನವರ ಮನೆಯವರು ಅಲ್ಲಿಗೆ ಹೋಗುವ ಹೊತ್ತಿಗೇ ಆ ಮುದುಕರು ಪಂಕ್ತಿಯ ತುದಿಯಲ್ಲಿ ಚಕ್ಕಂಬಕ್ಕಳ ಹಾಕಿಕೊಂಡು ಕೂತಿದ್ದರು. ಪೂಜ್ಯರಾದ ಜಂಗಮರು, ಅಯ್ಯನವರು ಐವರು, ಮಣೆಯ ಮೇಲೆ ಕೂತರು. ಗುರುಬಸಪ್ಪನವರು ಎಲೆಯ ಮುಂದೆ ನಿಂತರು, ಬಗ್ಗಿದರು, ಗೋಡೆ ಹಿಡಿದರು, ಕೊನೆಗೆ ಕುರ್ಚಿ ಕೇಳಿದರು. ಕುರ್ಚಿಯೂ ಬಂತು, ಎಲೆ ಇಡಲು ಸ್ಟೂಲೂ ಬಂತು. ಅಯ್ಯನವರ ತಲೆಗಳಿಗಿಂತ ಎತ್ತರದಲ್ಲಿ ಕೂತು ಅವರು ಹೋಳಿಗೆ ತಿಂದರು.

ಬಸವಲಿಂಗಪ್ಪ ಊಟ ಮುಗಿಯುವವರೆಗೆ ಕಾದರು. ಆಮೇಲೆ ಕೂತಲ್ಲಿಂದಲೇ ಶಿವಕ್ಕನನ್ನು ಕರೆದು ಹೇಳಿದರಂತೆ: "ಧಾರೆಗೆ ಹೆಣ್ಣಿನ ತಂದೆ ಮಣೆ ಮೇಲೆ ಕೂರಬೇಕು, ತಾಯಿ. ನಿಮ್ಮ ಯಜಮಾನ್ರು ನೆಲದ ಮೇಲೆ ಕೂತದ್ದನ್ನ ನಾನು ಕಣ್ಣಾರೆ ನೋಡಬೇಕು. ಆಮೇಲೆ ಲಗ್ನಪತ್ರಿಕೆ ಬರೆಸೋಣ. ಇಲ್ಲ ಅಂದ್ರೆ ನಿಮ್ಮ ದಾರಿ ನಿಮಗೆ, ನಮ್ಮ ದಾರಿ ನಮಗೆ."

ಇವರು ಬಸ್ಸಿಗೆ ಹೊರಟಾಗಲೂ ಮುದುಕರು ಅಲ್ಲೇ ಕೂತು ಎಲೆ ಅಡಿಕೆ ಹಾಕುತ್ತಿದ್ದರು.

ಅದಕ್ಕೂ ಮೊದಲು ಇಬ್ಬರು ಹುಡುಗರನ್ನು ತುಂಗಾ ಬೇಡವೆಂದಿದ್ದಳು. ಬೇಕು ಎಂದದ್ದು ಇದೊಂದೇ ಸಂಬಂಧ. ಅದೀಗ ತಂದೆಯ ಮಂಡಿಗೆ ಜೋತುಬಿದ್ದಿತ್ತು.

ಅದು ತುರ್ತು ಪರಿಸ್ಥಿತಿಯ ಕಾಲ. ಕಾಂಪೌಂಡು ಗೋಡೆಗಳ ಮೇಲೆಲ್ಲ ಶಿಸ್ತಿನ ಉಪದೇಶ. ಆ ಗಾಳಿಗೆ ಯೋಗ ಶಿಬಿರಗಳು ನಾಯಿಕೊಡೆಗಳ ಹಾಗೆ ಎದ್ದವು. ನಮ್ಮ ಮಹಿಳಾ ಸಮಾಜದ ಹಾಲಿನಲ್ಲೂ ಒಂದು ಎದ್ದಿತು. ಹಾಲಿನ ಬೀಗದ ಕೈ ನನ್ನಲ್ಲಿದ್ದುದರಿಂದ ದಿನಾ ಬೆಳಿಗ್ಗೆ ಅದನ್ನು ನೋಡುವ ಶಿಕ್ಷೆ ನನಗೆ ಬಂತು.

ಶಿಬಿರ ನಡೆಸಿದವನು ಗಂಗಾಧರಯ್ಯ ಎಂಬ ಮಹಾಶಯ. ಯೋಗಾಚಾರ್ಯ ಎಂಬ ಬಿರುದನ್ನು ಯಾರು ಕೊಟ್ಟರೆಂದು ಕೇಳಿದ್ದಕ್ಕೆ ತಾನು ರೇಡಿಯೋದಲ್ಲಿ ಕಾರ್ಯಕ್ರಮ ಕೊಟ್ಟವನು ಎಂದ. ರೇಡಿಯೋದಲ್ಲಿ ಆಸನವನ್ನು ಯಾರಿಗೆ ತೋರಿಸಿದನೋ! ದೇಹ ಬಾಗಿದರೆ ಅಹಂಕಾರವೂ ಬಾಗುತ್ತದೆ ಎಂದು ದಿನಾ ಹೇಳುತ್ತಿದ್ದ. ಅವನ ದೇಹ ಹಗ್ಗದ ಹಾಗೆ ಬಾಗುತ್ತಿತ್ತು. ಇನ್ನೊಂದರ ವಿಷಯ ಬೇಡ.

ಮಂಡಿ ಪಳಗಿಸಲು ಗುರುಬಸಪ್ಪನವರೂ ಶಿಬಿರಕ್ಕೆ ಸೇರಿಕೊಂಡರು. ಮೊದಲ ದಿನ ಎಲ್ಲರೂ ವಾಚು, ಸರ ತೆಗೆದಿಡಬೇಕೆಂದ. ಗುರುಬಸಪ್ಪನವರ ಬನಿಯನ್ನಿನ ಮೇಲೆ ನೇತಾಡುತ್ತಿದ್ದ ಬೆಳ್ಳಿಯ ಕರಡಿಗೆಯನ್ನು ತೋರಿಸಿ, "ಅದೂ ಅಡ್ಡ ಬರುತ್ತೆ ಸಾರ್, ತೆಗೆದು ಜೇಬಲ್ಲಿಟ್ಕೊಳ್ಳಿ" ಎಂದ.

"ಜೇಬಲ್ಲಿಡೋಕೆ ಇದೇನು ಬೀಡಿ ಕಟ್ಟೇನ್ರೀ? ಇದು ಲಿಂಗ."

ಮನೆಯಲ್ಲಿ ಲಿಂಗವನ್ನು ಊಟದ ಮೇಜಿಗೆ ತಂದ ಮನುಷ್ಯ ಅಂದು ಅದಕ್ಕಾಗಿ ಮೀಸೆ ತಿರುವಿದ್ದನ್ನು ನಾನು ಕಂಡೆ. ಕತ್ತಿನಲ್ಲಿ ಲಿಂಗವಿದ್ದಾಗ ತಲೆಕೆಳಗಾಗುವ ಆಸನವನ್ನೂ ತಾವು ಮಾಡುವುದಿಲ್ಲ, ಲಿಂಗ ಹೊಕ್ಕುಳಿಗಿಂತ ಕೆಳಗೆ ಹೋಗಬಾರದು ಎಂದರು. ನೆಟ್ಟಗಿದ್ದಾಗ ಬರುವ ಆಸನಗಳೂ ಅವರಿಗೆ ಬರುತ್ತಿರಲಿಲ್ಲ ಎಂಬುದು ಬೇರೆ ಮಾತು.

ಅಲ್ಲಿಂದ ಗಂಗಾಧರಯ್ಯನಿಗೆ ಅವರು ತಮಾಷೆಯ ವಸ್ತುವಾದರು. ಬಗ್ಗಿ ಕಾಲ್ಬೆರಳು ಮುಟ್ಟಿ ಎಂದರೆ ಅವರ ಕೈ ತೊಡೆಯ ಹತ್ತಿರವೇ ನಿಲ್ಲುತ್ತಿತ್ತು. ಪದ್ಮಾಸನಕ್ಕೆ ಕೂತರೆ ಮಂಡಿಗಳೆರಡೂ ಒಲೆಗುಂಡುಗಳ ಹಾಗೆ ಎದ್ದು ನಿಲ್ಲುತ್ತಿದ್ದವು. ಹೆಂಗಸರ ಸಾಲಿನ ಕಡೆ ತಿರುಗಿ, "ಒನಕೆನ ಮಡಚೋಕಾಗುತ್ತೇನ್ರಮ್ಮಾ?" ಎನ್ನುತ್ತಿದ್ದ. ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ನಗುತ್ತಿದ್ದವರಲ್ಲಿ ಅರ್ಧ ಜನಕ್ಕೆ ತಮ್ಮ ಕಾಲ್ಬೆರಳು ಕಂಡು ವರ್ಷಗಳಾಗಿದ್ದವು.

ಆದರೂ ಅವರು ಬರುವುದನ್ನು ಬಿಡಲಿಲ್ಲ. ಭಕ್ತಿಯಿಂದಲ್ಲ, ಹೆದರಿಕೆಯಿಂದ. ಊಟದ ಮೇಜನ್ನು ಹಿತ್ತಿಲ ಕೋಣೆಗೆ ತಳ್ಳಿಸಿದರು. ಅದರ ಮೇಲೆ ಅಕ್ಕಿ ಮೂಟೆ ಕೂತಿತು. ಮೊದಲು ದಿಂಬಿನ ಮೇಲೆ ಕೂತರು, ಆಮೇಲೆ ಮಡಿಸಿದ ಕಂಬಳಿಯ ಮೇಲೆ, ಎರಡನೆಯ ವಾರದಲ್ಲಿ ಬರೀ ಜಮಖಾನದ ಮೇಲೆ. ಗೋಡೆ ಹಿಡಿಯದೆ ಇಳಿಯುವುದು ಬಂತು. ಏಳುವುದು ಬರಲಿಲ್ಲ. ಅದಕ್ಕೆ ಅವರು ಪ್ರಯತ್ನವನ್ನೂ ಮಾಡಲಿಲ್ಲ; ಮನೆಯಲ್ಲಿ ಶಿವಕ್ಕನ ಹೆಗಲಿತ್ತು, ಶಿಬಿರದಲ್ಲಿ ಎಲ್ಲರೂ ಹೋದ ಮೇಲೆ ಹಿಡಿದು ಏಳಲು ಕಿಟಕಿಯ ಸರಳಿತ್ತು. ಅದನ್ನು ಕಂಡವಳು ಬೀಗ ಹಾಕಲು ಉಳಿಯುತ್ತಿದ್ದ ನಾನೊಬ್ಬಳೇ.

ಸಮಾರೋಪ ಭಾನುವಾರ ಬೆಳಿಗ್ಗೆ. ಮುಖ್ಯ ಅತಿಥಿಯಾಗಿ ಮಾಜಿ ಕೌನ್ಸಿಲರ್ ಒಬ್ಬರು ಬರುವವರಿದ್ದರು. ಅವರ ಮುಂದೆ ಶಿಷ್ಯರೆಲ್ಲ ಒಟ್ಟಿಗೆ ಸರ್ವಾಂಗಾಸನ ಹಾಕಿ ಕಾಲು ಮೇಲೆತ್ತಬೇಕು. ಗುರುಬಸಪ್ಪನವರ ಪಾಲಿಗೆ ಬಂದದ್ದು ಹಾರದ ತಟ್ಟೆ ಹಿಡಿದು ನಿಲ್ಲುವ ಕೆಲಸ. ಅವರು ಅದನ್ನು ಮರುಮಾತಿಲ್ಲದೆ ಒಪ್ಪಿದ್ದನ್ನು ಕಂಡು ನನಗೆ ಅನುಮಾನ ಬರಬೇಕಿತ್ತು. ಅವರು ತಿಪಟೂರಿಗೆ ಹೇಳಿಕಳಿಸಿದ್ದರು. ಬಸವಲಿಂಗಪ್ಪ ಮೊಮ್ಮಗನ ಜೊತೆ ಬಂದು, ಛತ್ರಿಯನ್ನು ಊರಿಕೊಂಡು ಮೊದಲ ಸಾಲಿನ ಕುರ್ಚಿಯಲ್ಲಿ ಕೂತರು.

ಹಾರ ಹಾಕುವುದು ಮುಗಿಯಿತು. ಗುರುಬಸಪ್ಪನವರು ತಟ್ಟೆಯನ್ನು ಕಿಟಕಿಯ ಮೇಲಿಟ್ಟು, ಪಂಚೆ ಸರಿಮಾಡಿಕೊಂಡು, ಶಿಷ್ಯರ ಮುಂದಿನ ಖಾಲಿ ಜಾಗಕ್ಕೆ ಬಂದರು. ಬಸವಲಿಂಗಪ್ಪನವರ ಎದುರಿಗೇ, ಯಾವ ಆಸರೆಯೂ ಇಲ್ಲದೆ, ಇಳಿದು ಕೂತರು. ಮಂಡಿಗಳು ನೆಲ ಮುಟ್ಟಿರಲಿಲ್ಲ, ಆದರೆ ಕಾಲು ಮಡಿಸಿದ್ದರು. ಬೆವರು ಹಣೆಯ ವಿಭೂತಿಯನ್ನು ತೊಳೆಯುತ್ತಿತ್ತು.

ಅಷ್ಟರಲ್ಲಿ ಗಂಗಾಧರಯ್ಯ ಮೈಕಿನಲ್ಲಿ ಕೂಗಿಯಾಗಿತ್ತು. ಶಿಷ್ಯರೆಲ್ಲ ಮಲಗಿ ಕಾಲು ಮೇಲೆತ್ತಿದರು. ಮುಖ್ಯ ಅತಿಥಿಗೂ ಆ ಕಾಲುಗಳಿಗೂ ನಡುವೆ ಗುರುಬಸಪ್ಪನವರ ಮೈ. ಅವನು ಓಡಿಬಂದು, ಎದ್ದು ಹಿಂದಕ್ಕೆ ಹೋಗಿ ಎಂದ. ಪಿಸುಗುಟ್ಟಿದ್ದೇನೋ ನಿಜ, ಮೈಕು ಕೈಯಲ್ಲೇ ಇತ್ತು; ಹಾಲಿಗೆಲ್ಲ ಕೇಳಿಸಿತು.

ಅವರಿಗೆ ಏಳಲಾಗುವುದಿಲ್ಲವೆಂದು ಆ ಹಾಲಿನಲ್ಲಿ ಗೊತ್ತಿದ್ದದ್ದು ನಾಲ್ವರಿಗೆ: ಅವರಿಗೆ, ಶಿವಕ್ಕನಿಗೆ, ತುಂಗಾಗೆ, ನನಗೆ. ಶಿವಕ್ಕ ಹೋಗಿ ಎತ್ತಿದರೆ ಸಂಬಂಧ ಅಲ್ಲಿಗೆ ಮುಗಿಯಿತು. ತುಂಗಾ ನನ್ನ ಪಕ್ಕದಲ್ಲಿ ತಾಯಿಯ ಸೆರಗು ಹಿಡಿದು ನಿಂತಿದ್ದಳು.

ಗುರುಬಸಪ್ಪನವರು ಏಳಲಿಲ್ಲ. ಕರಡಿಗೆಯನ್ನು ಬಿಚ್ಚಿದರು. ಲಿಂಗವನ್ನು ತೆಗೆದು ಎಡ ಅಂಗೈಯಲ್ಲಿಟ್ಟುಕೊಂಡು ಅದರಲ್ಲಿ ನೋಟ ನೆಟ್ಟರು. ಮನೆಯಲ್ಲಿ ಬೆಳಿಗ್ಗೆ ಐದಕ್ಕೇ ಪೂಜೆ ಮುಗಿಸಿ ಬಂದಿದ್ದ ಮನುಷ್ಯ!

ಗಂಗಾಧರಯ್ಯ ಅವರ ತೋಳಿಗೆ ಕೈ ಹಾಕಿದ. ಬಸವಲಿಂಗಪ್ಪನವರ ಛತ್ರಿ ನೆಲಕ್ಕೆ ಬಡಿಯಿತು.

"ಪೂಜೆಗೆ ಕೂತೋರನ್ನ ಮುಟ್ಟಬಾರದು, ಮೇಷ್ಟ್ರೇ. ಆಚೆ ನಿಂತ್ಕೊಳ್ಳಿ."

ಮಾಜಿ ಕೌನ್ಸಿಲರೂ ಲಿಂಗವಂತರೇ. ಹಾರ ಹಾಕಿಕೊಂಡೇ ಎದ್ದು ಕೈಮುಗಿದರು. ಅವರು ಎದ್ದ ಮೇಲೆ ಸಭೆಯೂ ಎದ್ದಿತು. ಕಾಲು ಇಳಿಸಲು ಅಪ್ಪಣೆ ಕೊಡಬೇಕಾದವನು ಬಾಯಿ ಬಿಡದೆ ನಿಂತಿದ್ದ. ಶಿಷ್ಯರ ಕಾಲುಗಳು ಮೊದಲು ನಡುಗಿದವು, ಆಮೇಲೆ ಗಾಳಿಗೆ ಬಿದ್ದ ಬಾಳೆಗಿಡಗಳ ಹಾಗೆ ಒಂದೊಂದೇ ಒರಗಿದವು. ಎರಡು ವಾರದ ಸಾಧನೆಯನ್ನು ಮುಖ್ಯ ಅತಿಥಿ ನೋಡಲೇ ಇಲ್ಲ. ಉಪ್ಪಿಟ್ಟು ಆರುತ್ತದೆಂದು ಯಾರೋ ನೆನಪಿಸಿದರು. ಜನ ಪಿಸುಮಾತಿನಲ್ಲಿ ಹೊರಗೆ ಹೋದರು.

ಬೀಗ ಹಾಕಬೇಕಾದ ನಾನು ಉಳಿದೆ. ಶಿವಕ್ಕ, ತುಂಗಾ ಬಾಗಿಲಲ್ಲಿದ್ದರು. ಗುರುಬಸಪ್ಪನವರು ಲಿಂಗವನ್ನೇ ನೋಡುತ್ತ ಕೂತಿದ್ದರು. ಬಸವಲಿಂಗಪ್ಪ ಕುರ್ಚಿಯನ್ನು ಬಿಟ್ಟಿರಲಿಲ್ಲ.

"ಏಳೋಕಾಗಲ್ಲ, ಅಲ್ವಾ ಬೀಗರೇ?" ಎಂದರು.

ಗುರುಬಸಪ್ಪನವರು ಲಿಂಗವನ್ನು ಕಣ್ಣಿಗೆ ಇನ್ನಷ್ಟು ಹತ್ತಿರ ಹಿಡಿದರು. ಅವರ ಕಿವಿ ಕೆಂಪಗಾಯಿತು.

"ನನ್ನನ್ನೂ ದಿನಾ ನೆಲದಿಂದ ಇಬ್ರು ಎತ್ತುತ್ತಾರೆ," ಎಂದರು ಮುದುಕರು. "ಅದಕ್ಕೇ ನೆಂಟರು ಬರೋಕೆ ಮುಂಚೆ ಕೂರ್ತೀನಿ, ಹೋದ ಮೇಲೆ ಏಳ್ತೀನಿ. ಕೂತದ್ದು ನೋಡಬೇಕು ಅಂದಿದ್ದೆ, ನೋಡ್ದೆ. ಏಳೋದು ಧಾರೆಗೆ ಸೇರಿದ್ದಲ್ಲ." ಬಾಗಿಲ ಕಡೆ ತಿರುಗಿ, "ಬಾಮ್ಮ, ನಿಮ್ಮಪ್ಪನ್ನ ಎತ್ತು" ಎಂದರು.

ತುಂಗಾ ಬಂದು ತಂದೆಯ ಕಂಕುಳಿಗೆ ಕೈಕೊಟ್ಟಳು, ಇನ್ನೊಂದು ಕಡೆ ಶಿವಕ್ಕ. ಮೂವರೂ ಏದುಸಿರು ಬಿಟ್ಟರು. ನೆಲಕ್ಕೆ ಕೂತರೆ ಏಳಲಾರದ ಇಬ್ಬರು ಗಂಡಸರ ಡಂಭಕ್ಕೆ ಓದಿದ ಹುಡುಗಿಯೊಬ್ಬಳು ಅಷ್ಟು ದಿನ ನಿದ್ದೆಗೆಟ್ಟಿದ್ದಳು. ಅದನ್ನು ನಾನು ಅಲ್ಲೇ ಹೇಳಿದೆ. ಮುದುಕರು ನಕ್ಕರು, ಗುರುಬಸಪ್ಪನವರು ಕರಡಿಗೆ ಮುಚ್ಚುವುದರಲ್ಲಿ ಮಗ್ನರಾಗಿದ್ದರು.

ಮದುವೆ ತಿಪಟೂರಿನಲ್ಲಾಯಿತು. ಧಾರೆ ಮುಗಿದು ಜನವೆಲ್ಲ ಊಟಕ್ಕೆ ಹೋದ ಮೇಲೂ ಬೀಗರಿಬ್ಬರೂ ಮಣೆಯ ಮೇಲೆ ಗಂಭೀರವಾಗಿ ಕೂತಿದ್ದರು. ಮಂಡಿಯ ಮೂಟೆ ಹೊರುವ ಆಳುಗಳು ಬಂದು, ಮೊದಲು ಹಿರಿಯರನ್ನು, ಆಮೇಲೆ ಇವರನ್ನು ಎತ್ತಿ ನಿಲ್ಲಿಸಿದರು.

ಊರಿಗೆ ಬಂದ ಮಾರನೆಯ ಬೆಳಿಗ್ಗೆ ಪಕ್ಕದ ಮನೆಯಲ್ಲಿ ಏನನ್ನೋ ಎಳೆಯುವ ಸದ್ದು ಕೇಳಿಸಿತು. ಅಕ್ಕಿ ಮೂಟೆ ಕೆಳಗಿಳಿದಿತ್ತು. ಊಟದ ಮೇಜು ತನ್ನ ಜಾಗಕ್ಕೆ ಮರಳುತ್ತಿತ್ತು.